ಕೆನ್ನೆಯೊಳಗಿನ ಕಲ್ಲುಪ್ಪು

ಒಣಮೀನಿಗೆ ಗುಲಾಬಿ ಬಣ್ಣ ಹಿಡಿದರೆ ಬಿಸಾಡಬೇಕು. ನಮ್ಮ ಮನೆಯಲ್ಲಿ ಇದು ಯಾವತ್ತೂ ಚರ್ಚೆಗೆ ಬಂದ ವಿಷಯವಲ್ಲ. ಮಂಗಳೂರಿನ ಕಡಲ ಬದಿಯಲ್ಲಿ ನಮ್ಮ ಅಜ್ಜ ಮೀನು ಹಿಡಿದು ಒಣಗಿಸಿ ಮಾರುತ್ತಿದ್ದರು. ಬಂಗುಡೆಯ ಹೊಟ್ಟೆ ಸೀಳಿ, ಕಿವಿರು ಬಿಡಿಸಿ, ಎರಡೂ ಕೆನ್ನೆಗೆ ಕಲ್ಲುಪ್ಪು ತುರುಕಿ ಚಾಪೆಯ ಮೇಲೆ ಸಾಲಾಗಿ ಮಲಗಿಸುವುದನ್ನು ನಾನೂ ಅಕ್ಕನೂ ಕಾನ್ವೆಂಟಿನಿಂದ ಬಂದವರು ಯೂನಿಫಾರ್ಮ್ ಕೂಡ ಬದಲಿಸದೆ ನೋಡುತ್ತ ನಿಲ್ಲುತ್ತಿದ್ದೆವು. ಮರುದಿನ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ಬೆಂಚಿನ ಹತ್ತಿರ ಬಂದು, "ಗರ್ಲ್ಸ್, ಫಿಶ್ ಅಗೇನ್?" ಎಂದು ಕರ್ಚೀಫು ಮೂಗಿಗೆ ಹಿಡಿಯುತ್ತಿದ್ದರು. ಇಂಗ್ಲಿಷೂ ಉಪ್ಪುಮೀನೂ ನಮ್ಮ ಮೈಗೆ ಒಟ್ಟಿಗೇ ಹತ್ತಿದವು. ಎರಡೂ ಇನ್ನೂ ಬಿಟ್ಟಿಲ್ಲ.

ಮದುವೆಯಾಗಿ ಅಕ್ಕ ಡೊಂಬಿವಲಿಗೆ ಬಂದಳು. ಕೆಲವು ವರ್ಷಗಳ ನಂತರ ನಾನು ಠಾಣೆಗೆ, ಈ ಕೋಪರಿಗೆ. ಇಲ್ಲೇ ಒಂದು ಇಂಗ್ಲಿಷ್ ಮೀಡಿಯಮ್ ಶಾಲೆಯಲ್ಲಿ ಬಯಾಲಜಿ ಕಲಿಸಿ ರಿಟೈರ್ ಆದೆ. ಮೇ ತಿಂಗಳು ಬಂತೆಂದರೆ ಅಕ್ಕ ಮಳೆಗಾಲಕ್ಕೆಂದು ಒಣಮೀನು ತರಿಸಿ, ಅವರ ಬಿಲ್ಡಿಂಗಿನ ಟೆರೇಸಿನಲ್ಲಿ ಇನ್ನೊಂದು ಬಿಸಿಲು ಕೊಡುವಳು. ಸೊಸೈಟಿಯ ಸೆಕ್ರೆಟರಿ ನೋಟಿಸ್ ಬೋರ್ಡಿನಲ್ಲಿ "ವಾಸನೆ ಬರುವ ಪದಾರ್ಥ ಒಣಗಿಸಬಾರದು" ಎಂದು ಮರಾಠಿಯಲ್ಲಿ ಬರೆದು ಅಂಟಿಸುವರು. ಅಕ್ಕ ಅದನ್ನು ಓದಿ, "ಮೀನಿನ ಹೆಸರು ಬರೀಲಿಕ್ಕೆ ಧೈರ್ಯ ಇಲ್ಲ ನೋಡು ಇವನಿಗೆ" ಎಂದು ಮತ್ತೆ ಮೆಟ್ಟಿಲು ಹತ್ತುವಳು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಬರೆಯುವಾಗ ಕನ್ನಡಕ್ಕೆ ತಂದುಕೊಂಡಿದ್ದೇನೆ, ಅಷ್ಟೆ.

ಅಂಥದೇ ಒಂದು ಮೇ ತಿಂಗಳ ಭಾನುವಾರ ನಾನು ಅಲ್ಲಿದ್ದೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆಯ ಮೀನಿಗೆ ಗುಲಾಬಿ ಹಿಡಿದಿತ್ತು. ಅಕ್ಕ ಅದನ್ನು ಕಾಗದಕ್ಕೆ ಸುತ್ತಿ ಕಸದ ಬುಟ್ಟಿಯ ಕಡೆ ಹೊರಟಾಗ ಅವಳ ಮೊಮ್ಮಗಳು ಒಳಗಿನಿಂದ ಓಡಿ ಬಂದಳು.

"ಅಜ್ಜೀ, ಫೇಕೋ ಮತ್! ಪ್ಲೀಸ್, ಬಿಸಾಡ್ಬೇಡ!"

ಹುಡುಗಿ ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ. ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ನಡುವೆ ಎಲ್ಲಿಂದಲೋ ಹೆಕ್ಕಿದ ನಾಲ್ಕು ಕನ್ನಡದ ಪದಗಳಲ್ಲಿ. ನವಿ ಮುಂಬಯಿಯ ಒಂದು ಲ್ಯಾಬಿನಲ್ಲಿ ರಿಸರ್ಚ್ ಮಾಡುತ್ತಾಳೆ. ಏನು ರಿಸರ್ಚ್ ಎಂದು ಅಕ್ಕ ಯಾರಿಗಾದರೂ ಹೇಳಬೇಕಾದಾಗ "ಹುಳ ಸಾಕುತ್ತಾಳೆ" ಎನ್ನುತ್ತಿದ್ದಳು. ಆ ದಿನ ಆ ಹುಳ ಯಾವುದೆಂದು ತಿಳಿಯಿತು. ಅಡುಗೆಮನೆಯ ಕಟ್ಟೆಯ ಮೇಲೆ, ಕಾಗದದ ಮೇಲೆ, ಬಂಗುಡೆಯ ಮೈಮೇಲೆ ಗುಲಾಬಿಯಾಗಿ ಕುಳಿತಿತ್ತು ಅದು.

ಠಾಣೆಯ ಕೊಲ್ಲಿಯ ಪಕ್ಕದ ಉಪ್ಪಿನ ಗದ್ದೆಗಳಲ್ಲಿ ನೀರು ಬತ್ತುತ್ತ ಬಂದಾಗ ಏಳುವ ಕೆಂಪು ಛಾಯೆಯೂ ಇದರ ಬಳಗದ್ದೇ ಎಂದಳು ಹುಡುಗಿ. ಆ ಛಾಯೆ ನನಗೆ ಗೊತ್ತು. ನೌಕರಿಯಲ್ಲಿದ್ದ ದಿನಗಳಲ್ಲಿ ಲೋಕಲ್‌ನಲ್ಲಿ ಮುಂಬಯಿಗೆ ಹೋಗುವಾಗ ಮುಲುಂಡ್ ದಾಟಿದ ಮೇಲೆ ಕಿಟಕಿಯಾಚೆ ಬಿಳಿಯ ಉಪ್ಪಿನ ರಾಶಿಗಳು, ಅವುಗಳ ನಡುವೆ ಒಂದೆರಡು ಮಡಿಗಳಲ್ಲಿ ತೆಳ್ಳಗಿನ ಗುಲಾಬಿ. ಯಾವುದೋ ಫ್ಯಾಕ್ಟರಿಯ ಬಣ್ಣದ ನೀರು ಹರಿದು ಬಂದಿರಬೇಕು ಎಂದುಕೊಂಡು ನನ್ನ ಮ್ಯಾಗಜೀನಿಗೆ ಮರಳುತ್ತಿದ್ದೆ. ಈಗ ಆ ಕಿಟಕಿಯ ಸೀಟೂ ಸಿಗುವುದಿಲ್ಲ, ಸಿಕ್ಕರೂ ಮೊದಲಿನಷ್ಟು ಉಪ್ಪು ಕಾಣುವುದಿಲ್ಲ.

ಮರುವರ್ಷ ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕನ ದನಿ ಒರಟಾಯಿತು. ಶೀತ ಎಂದು ಕಷಾಯ ಕುಡಿದಳು, ನಂತರ ಧೂಳು ಎಂದಳು. ಕಲ್ಯಾಣದ ಡಾಕ್ಟರು ಗಂಟಲಿನಲ್ಲಿ ಟಾರ್ಚು ಬಿಟ್ಟು ನೋಡಿ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಕ್ಯಾನ್ಸರಿನ ಗಂಟು, ಆದರೆ ಸಣ್ಣದೇ ಇದೆ, ರೇಡಿಯೇಷನ್ ಪೂರ್ತಿ ತೆಗೆದುಕೊಂಡರೆ ಹೋಗುವ ಸಾಧ್ಯತೆ ಚೆನ್ನಾಗಿದೆ, ಅರ್ಧಕ್ಕೆ ಬಿಟ್ಟರೆ ತೆಗೆದುಕೊಂಡದ್ದೂ ದಂಡ ಎಂದರು ಅಲ್ಲಿಯ ಡಾಕ್ಟರು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹೋಗಬೇಕು, ಶನಿವಾರ ಭಾನುವಾರ ಬಿಡುವು, ಮತ್ತೆ ಸೋಮವಾರ. ಡೊಂಬಿವಲಿಯಿಂದ ದಿನಾ ಆ ಗದ್ದಲದಲ್ಲಿ ಇಳಿದು ಹತ್ತುವುದು ಬೇಡವೆಂದು ಅಕ್ಕನನ್ನು ನನ್ನ ಮನೆಗೆ ಕರೆತಂದೆ. ಕೋಪರಿಯಿಂದ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಆ ಕಡೆಯ ಗಾಡಿ ಠಾಣೆಯಿಂದಲೇ ಹೊರಡುವುದರಿಂದ ಸೀಟು ಗ್ಯಾರಂಟಿ.

ಆಸ್ಪತ್ರೆಯಲ್ಲಿ ಅವಳ ಮುಖದ ಅಚ್ಚಿಗೆ ಸರಿಯಾಗಿ ಬಿಸಿ ಪ್ಲಾಸ್ಟಿಕ್ಕಿನ ಜಾಲರಿ ಎಳೆದು ಒಂದು ಮಾಸ್ಕ್ ಮಾಡಿದರು. ದಿನಾ ಅದನ್ನು ಹಾಕಿ ತಲೆ ಅಲುಗದಂತೆ ಟೇಬಲ್ಲಿಗೆ ಬಿಗಿಯುವುದು. ಮೊದಲ ದಿನ ಹೊರಗೆ ಬಂದಾಗ ಕೆನ್ನೆಯ ಮೇಲೆಲ್ಲ ಚೌಕುಳಿ ಗುರುತು. "ಅಜ್ಜ ಬಲೆಯಲ್ಲಿ ಹಿಡಿದ ಮೀನುಗಳ ಶಾಪ ಮಾರಾಯ್ತಿ, ನನಗೆ ಬಂತು" ಎಂದು ನಕ್ಕಳು.

ಕಾಯುವ ಹಾಲಿನಲ್ಲಿ ದಿನಾ ನಮ್ಮ ಪಕ್ಕ ಕೂರುತ್ತಿದ್ದವಳು ವಿಜಯಪುರದ ಕಡೆಯ ಒಬ್ಬ ಹೆಂಗಸು. ಟಿಟ್ವಾಳಾದ ಹತ್ತಿರ ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸ ಮಾಡುತ್ತಿದ್ದರಂತೆ. ಗಂಡನಿಗೆ ತಂಬಾಕಿನಿಂದ ಬಾಯಿಯ ಕ್ಯಾನ್ಸರ್. ಅಕ್ಕನ ಕನ್ನಡ ಅವಳಿಗೆ ತಮಾಷೆ, ಅವಳ ಕನ್ನಡ ಅಕ್ಕನಿಗೆ.

"ನಿಮ್ಮದು ಪುಸ್ತಕದಾಗಿನ ಮಾತ ಇದ್ದಂಗ ಐತ್ರಿ ಯಕ್ಕಾರ. 'ಉಂಟು' ಅಂತೀರಿ, 'ಹೌದು ಮಾರಾಯ್ತಿ' ಅಂತೀರಿ. ಬೈಯೋದೂ ಹಿಂಗ ಬೈತೀರೇನು?"

"ಬೈಲಿಕ್ಕೆ ನಮಗೆ ಇಂಗ್ಲಿಷ್ ಉಂಟು" ಎಂದಳು ಅಕ್ಕ.

ಮೂರನೆಯ ವಾರದ ಹೊತ್ತಿಗೆ ಅಕ್ಕನ ಬಾಯಿ ಒಣಗತೊಡಗಿತು. ಗಂಟಲಿಗೆ ಬಿಡುವ ಕಿರಣ ಜೊಲ್ಲಿನ ಗ್ರಂಥಿಗಳನ್ನೂ ಸವರಿಕೊಂಡು ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಕೇಳುವುದು ಬೇರೆ, ಆಗುವುದು ಬೇರೆ. ನಾಲಿಗೆ ಅಂಗುಳಕ್ಕೆ ಅಂಟಿ, ಮಾತಿನ ನಡುವೆ ಟಪ್ ಎಂದು ಬಿಡಿಸಿಕೊಳ್ಳುವ ಸದ್ದು ನನಗೂ ಕೇಳುತ್ತಿತ್ತು. ಅನ್ನ ಗಂಟಲಿಗೆ ಇಳಿಯದು, ಚಪಾತಿಯಂತೂ ದೂರವೇ. ಗಂಜಿಯನ್ನೂ ನೀರು ಬೆರೆಸಿ ಸೋಸಬೇಕು. ರುಚಿಯೆಲ್ಲ ರಟ್ಟಿನ ಹಾಗೆ ಎಂದಳು. ನನ್ನ ಅಕ್ಕ ಊಟಕ್ಕೆ ಕೂತರೆ ಮನೆಯೇ ಊಟಕ್ಕೆ ಕೂತಂತೆ. ಅಂಥವಳು ತಟ್ಟೆಯನ್ನು ನೋಡಿ ಮುಖ ತಿರುಗಿಸುತ್ತಿದ್ದಳು.

ಆ ಶನಿವಾರ ಮೊಮ್ಮಗಳು ಬಂದಳು. ಅಜ್ಜಿಗೆ ಸ್ವಲ್ಪ ಹುರುಪು ತುಂಬಬೇಕೆಂದು ತನ್ನ ಹುಳದ ಕತೆ ತೆಗೆದಳು. ಡಬ್ಬಿಯ ಮೀನಿನಿಂದ ಬೆಳೆಸಿದ್ದು ಇನ್ನೂ ಲ್ಯಾಬಿನಲ್ಲಿ ಇದೆಯಂತೆ, ಗಾಜಿನ ತಟ್ಟೆಯಲ್ಲಿ ದಾಸವಾಳದ ಬಣ್ಣದಲ್ಲಿ ಹರಡಿದೆಯಂತೆ.

"ಅದಕ್ಕೂ ನಾವು ರೇಡಿಯೇಷನ್ ಕೊಡ್ತೀವಿ ಅಜ್ಜಿ. ತುಂಬಾ ಜಾಸ್ತಿ. ಬೇರೆ ಬ್ಯಾಕ್ಟೀರಿಯಾ ಎಲ್ಲಾ ಮರ್ ಜಾತೇ ಹೈಂ, ಸತ್ತೇ ಹೋಗುತ್ತೆ. ಇದಕ್ಕೆ ಕುಛ್ ನಹೀಂ ಹೋತಾ. ಒಣಗಿಸಿದ್ರೂ ಕುಛ್ ನಹೀಂ. ಉಪ್ಪಿನ ಹರಳಿನ ಒಳಗೆ ಒಂದು ಡ್ರಾಪ್ ನೀರು ಇರುತ್ತಲ್ಲ, ಅದರಲ್ಲಿ ಕೂತಿರುತ್ತೆ. ವರ್ಷ ವರ್ಷ."

"ಉಪ್ಪಿನ ಒಳಗಾ?"

"ಹಾಂ. ಉಪ್ಪೇ ಅದರ ಮನೆ. ಉಪ್ಪು ಇಲ್ಲದಿದ್ರೆ ಸಾಯುತ್ತೆ."

ನಾನು ಕುತೂಹಲದಿಂದ ಟೀಚರಿನ ಹಾಗೆ ಪ್ರಶ್ನೆ ಕೇಳುತ್ತ ಹೋದೆ. ಉಪ್ಪಿನ ಗದ್ದೆಯಲ್ಲಿ ರೇಡಿಯೇಷನ್ ಎಲ್ಲಿಂದ ಬರಬೇಕು, ಇಷ್ಟು ದೊಡ್ಡ ಏಟನ್ನು ತಡೆಯಲು ಅದು ಕಲಿತದ್ದಾದರೂ ಯಾಕೆ ಎಂದೆ. ಅವಳ ಉತ್ತರ ನನಗೆ ಬಹಳ ಹಿಡಿಸಿತು. ಅದು ಕಲಿತದ್ದು ರೇಡಿಯೇಷನ್ನಿಗಾಗಿ ಅಲ್ಲವಂತೆ, ಒಣಗುವುದಕ್ಕಾಗಿ. ಬೇಸಿಗೆ ಬೇಸಿಗೆಗೂ ಗದ್ದೆ ಬತ್ತುತ್ತದೆ. ಒಣಗಿದಾಗ ಜೀವಕೋಶದ ಡಿಎನ್ಎ ತುಂಡಾಗುತ್ತದೆ, ಕಿರಣ ಬಿದ್ದಾಗಲೂ ಹಾಗೆಯೇ ತುಂಡಾಗುತ್ತದೆ. ಒಂದನ್ನು ಸಹಿಸಲು ಕಲಿತದ್ದಕ್ಕೆ ಇನ್ನೊಂದೂ ಬಂತು. ಕಾಣದೇ ಇದ್ದ ಪರೀಕ್ಷೆಯಲ್ಲೂ ಪಾಸು.

ನಾವಿಬ್ಬರೂ ಹೀಗೆ ಇಂಗ್ಲಿಷಿನಲ್ಲಿ ಮುಳುಗಿದ್ದೆವು. ಅಕ್ಕನ ತಲೆಯಲ್ಲಿ ಬೇರೆಯೇ ಏನೋ ಹರಳುಗಟ್ಟುತ್ತಿತ್ತು.

ಮುಂದಿನ ವಾರ ಗಾಡಿಯಲ್ಲಿ ಅಕ್ಕ ಮೌನ. ಏನು ಕೇಳಿದರೂ ಹೂಂ, ಊಹೂಂ. ಬಾಯಿ ನೋವು ಹೆಚ್ಚಾಗಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಐರೋಳಿಯ ಮ್ಯಾಂಗ್ರೋವ್ ಕಾಡನ್ನೇ ನೋಡುತ್ತಿದ್ದಳು. ಗುಟ್ಟು ಹೊರಬಿದ್ದದ್ದು ಗುರುವಾರ ಆಸ್ಪತ್ರೆಯಲ್ಲಿ, ವಿಜಯಪುರದ ಹೆಂಗಸಿನ ಕಣ್ಣಿಗೆ. ಗಂಡನ ಗಲ್ಲ ಕಾಯ್ದು ಕಾಯ್ದು ಅವಳಿಗೆ ಯಾರ ಗಲ್ಲ ಉಬ್ಬಿದ್ದರೂ ಕಾಣುತ್ತದೆ.

"ಯಕ್ಕಾರ, ಗಲ್ಲದಾಗ ಏನ್ ಇಟ್ಟೀರಿ?"

ಅಕ್ಕ ತಲೆಯಾಡಿಸಿದಳು.

"ಸುಳ್ಳ ಹೇಳಬ್ಯಾಡ್ರಿ. ಗುಟ್ಕಾ ಐತೇನು? ಅಯ್ಯ ಶಿವನ, ಇಷ್ಟ ಶ್ಯಾಣ್ಯಾರು, ಇಂಗ್ಲಿಷ ಮಾತಾಡಾವ್ರು! ನಮ್ಮಂವ ಅರ ಬಿಟ್ಟಾನ, ನೀವು ಈಗ ಹಚ್ಚಿಕೊಂಡೀರಿ?"

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಕಾನ್ವೆಂಟಿನಲ್ಲಿ ಓದಿದ ನನ್ನ ಅಕ್ಕ, ಜನ್ಮದಲ್ಲಿ ಎಲೆಯಡಿಕೆ ಕೂಡ ಬಾಯಿಗೆ ಹಾಕದವಳು, ಅವಮಾನದಿಂದ ಕೆಂಪಾಗಿ, "ಹೌ ಡೇರ್ ಯು!" ಎನ್ನಲು ಬಾಯಿ ತೆರೆದಳು. ಮಡಿಲಿಗೆ ಬಿದ್ದದ್ದು ಅರ್ಧ ಕರಗಿದ ಕಲ್ಲುಪ್ಪಿನ ಹರಳು.

ಎರಡೂ ಕೆನ್ನೆಯಲ್ಲಿ ಇಟ್ಟಿದ್ದಳು. ಸೋಮವಾರದಿಂದ ದಿನಾ, ಮನೆಯಿಂದ ಹೊರಡುವಾಗ. ಅಜ್ಜ ಬಂಗುಡೆಗೆ ಉಪ್ಪು ತುಂಬುತ್ತಿದ್ದ ಹಾಗೆಯೇ, ಎಡಕ್ಕೊಂದು ಬಲಕ್ಕೊಂದು. ಮೆಷಿನ್ನಿನ ಕೆಳಗೆ ಹೋಗುವ ಮೊದಲು ಕರ್ಚೀಫಿಗೆ ಉಗುಳುತ್ತಿದ್ದಳಂತೆ. ಉರಿಯುತ್ತಿತ್ತು, ಹೌದು. ಉರಿದರೆ ಹಿಡಿಯುತ್ತಿದೆ ಎಂದು ಅರ್ಥ ಮಾಡಿಕೊಂಡಿದ್ದಳು. ಉಪ್ಪು ಆ ಹುಳವನ್ನು ಕಿರಣದಿಂದ ಕಾಯುವುದಾದರೆ, ಮೀನನ್ನು ಮಳೆಗಾಲ ಪೂರ್ತಿ ಕಾಯುವುದಾದರೆ, ತನ್ನ ಬಾಯಿಯನ್ನು ಯಾಕೆ ಕಾಯಬಾರದು?

ಡಾಕ್ಟರು ಬಾಯಿ ತೆರೆಸಿ ನೋಡಿದರು. ಕೆನ್ನೆಯ ಒಳಗಿನ ಚರ್ಮ ಕಿತ್ತು ಹಸಿಹಸಿಯಾಗಿತ್ತು. ವಾರಾಂತ್ಯದವರೆಗೆ ರೇಡಿಯೇಷನ್ ನಿಲ್ಲಿಸಿದರು, ಮುಲಾಮು ಕೊಟ್ಟರು, ಸೋಮವಾರ ಬರಲೇಬೇಕು ಎಂದರು. "ಬಿಡುವು ಉದ್ದವಾದರೆ ಗಂಟಿಗೆ ಒಳ್ಳೆಯದು, ನಿಮಗಲ್ಲ."

ಹೊರಗೆ ವಿಜಯಪುರದ ಹೆಂಗಸು ಕೈಹಿಡಿದು, "ತಪ್ಪಾತ್ರಿ ಯಕ್ಕಾರ, ಸಿಟ್ಟಾಗಬ್ಯಾಡ್ರಿ" ಎಂದಳು. ಅಕ್ಕ ಅವಳ ಕೈ ಒತ್ತಿದಳು. ಮನೆಗೆ ಬಂದವಳೇ ಬ್ಯಾಗಿಗೆ ಬಟ್ಟೆ ತುಂಬಿದಳು.

"ಸಾಕು. ನನ್ನನ್ನು ಡೊಂಬಿವಲಿಗೆ ಬಿಡು. ಇನ್ನು ಹೋಗುವುದಿಲ್ಲ."

"ಅರ್ಧಕ್ಕೆ ಬಿಟ್ಟರೆ..."

"ಗೊತ್ತುಂಟು. ಅನ್ನದ ರುಚಿ ಇಲ್ಲದೆ ಇನ್ನು ಹತ್ತು ವರ್ಷ ಬದುಕಿ ನಾನು ಎಂತ ಮಾಡುವುದು? ನಿನ್ನ ಮುಖ ನೋಡ್ತಾ ಕೂತುಕೊಳ್ಳುವುದಾ?"

ಯಾವತ್ತೂ ಹೀಗೆ ಚುಚ್ಚಿ ತಾನೇ ನಗುವವಳು. ಆ ದಿನ ನಗಲಿಲ್ಲ. ನನಗೆ ಅವಳನ್ನು ಬಿಟ್ಟರೆ ಕಾನ್ವೆಂಟಿನ ದಿನಗಳನ್ನು ಕಂಡವರು ಯಾರೂ ಉಳಿದಿಲ್ಲ. ಅದನ್ನು ಹೇಳಿ ಅವಳನ್ನು ಕಟ್ಟಿಹಾಕುವುದು ನ್ಯಾಯವಲ್ಲವೆಂದು ತೋರಿತು. ಭಾನುವಾರದವರೆಗೆ ಇರು, ಮೊಮ್ಮಗಳು ಬಂದು ಕರೆದುಕೊಂಡು ಹೋಗಲಿ ಎಂದಷ್ಟೇ ಹೇಳಿದೆ.

ಹುಡುಗಿ ಬಂದಳು. ಉಪ್ಪಿನ ಸಂಗತಿ ಕೇಳಿ ಮೊದಲು ನಕ್ಕುಬಿಟ್ಟಳು, ಆಮೇಲೆ ಅಜ್ಜಿಯ ಬಾಯಿಯೊಳಗೆ ಮೊಬೈಲಿನ ಬೆಳಕು ಹಿಡಿದು ನೋಡಿ ಅವಳ ಕಣ್ಣು ತುಂಬಿತು.

"ನೀನೇ ಹೇಳಿದ್ದಲ್ಲವಾ?" ಎಂದಳು ಅಕ್ಕ. "ಅದಕ್ಕೆ ಏನೂ ಆಗುವುದಿಲ್ಲ ಅಂತ?"

"ನಾನು ಸಿಂಪಲ್ ಮಾಡಿ ಹೇಳಿದೆ ಅಜ್ಜಿ. ಆಗುತ್ತೆ. ಬಹುತ್ ಕುಛ್ ಹೋತಾ ಹೈ. ಅದರ ಡಿಎನ್ಎ ಪೂರಾ ತುಂಡು ತುಂಡು ಆಗುತ್ತೆ, ಬೇರೆ ಬ್ಯಾಕ್ಟೀರಿಯಾ ಥರಾನೇ."

"ಮತ್ತೆ?"

"ಆಮೇಲೆ ಜೋಡಿಸ್ಕೊಳ್ಳುತ್ತೆ. ಒಂದು ಸೆಲ್ಲಿನಲ್ಲಿ ಒಂದೇ ಕಾಪಿ ಇರಲ್ಲ, ತುಂಬಾ ಕಾಪಿ ಇರುತ್ತೆ. ಎಲ್ಲಾ ಬೇರೆ ಬೇರೆ ಜಾಗದಲ್ಲಿ ಮುರಿದಿರುತ್ತೆ. ಇದರದ್ದು ಅದರಲ್ಲಿ ನೋಡಿ, ಅದರದ್ದು ಇದರಲ್ಲಿ ನೋಡಿ..." ಅವಳಿಗೆ ಕನ್ನಡ ಸಾಲಲಿಲ್ಲ. "ಸಣ್ಣಜ್ಜಿ, ತುಮ್ ಬೋಲೋ ನಾ."

ನನಗೆ ನೆನಪಾದದ್ದು ನೀಡ್ಲ್‌ವರ್ಕ್ ಕ್ಲಾಸು. ಅಣಬೆಯಂಥ ಮರದ ಗುಬ್ಬಿಯ ಮೇಲೆ ಹರಿದ ಕಾಲುಚೀಲ ಎಳೆದು ಸಿಸ್ಟರ್ ನಮಗೆ ತೂತನ್ನು ದಾರದಿಂದ ನೇಯ್ದು ಮುಚ್ಚುವ ಡಾರ್ನಿಂಗ್ ಕಲಿಸುತ್ತಿದ್ದರು. ತೂತಿನ ಜಾಗದಲ್ಲಿ ಯಾವ ನೇಯ್ಗೆ ಇತ್ತೆಂದು ತಿಳಿಯದಿದ್ದರೆ ಜೊತೆಯ ಇನ್ನೊಂದು ಕಾಲುಚೀಲ ನೋಡಿ ಎನ್ನುತ್ತಿದ್ದರು. ಹಾಗೆಯೇ ಎಂದೆ ಅಕ್ಕನಿಗೆ. ಹರಿಯುವುದನ್ನು ಅದು ತಡೆಯುವುದಿಲ್ಲ, ಹರಿದದ್ದನ್ನು ಹೊಲಿಯುತ್ತದೆ. ಹೊಲಿಯುವ ಪ್ರೋಟೀನುಗಳಿಗೆ ಏಟು ಬೀಳದಂತೆ ಮ್ಯಾಂಗನೀಸ್ ಮುಂತಾದ ಲವಣಗಳು ಒಳಗೇ ಕಾಯುತ್ತವೆ, ಆ ಗುಲಾಬಿ ಬಣ್ಣವೂ ಒಂದಿಷ್ಟು ಏಟನ್ನು ತಾನು ತಿನ್ನುತ್ತದೆ. ಸಾಮಾನ್ಯ ಜೀವಿಗಳಲ್ಲಿ ಬಟ್ಟೆಯ ಜೊತೆಗೆ ಟೈಲರೂ ಸಾಯುತ್ತಾನೆ. ಇದರಲ್ಲಿ ಟೈಲರ್ ಉಳಿಯುತ್ತಾನೆ. ಕೆನ್ನೆಯಲ್ಲಿ ಇಟ್ಟ ಉಪ್ಪಿನಿಂದ ಇದ್ಯಾವುದೂ ಆಗುವುದಿಲ್ಲ.

ಅಕ್ಕ ನೀರಿನ ಲೋಟ ಕೆಳಗಿಟ್ಟಳು. "ಹಾಗಾದರೆ ಅದಕ್ಕೂ ನೋವಾಗ್ತದೆ."

"ಅದಕ್ಕೆ ನರ್ವ್ಸ್ ಇಲ್ಲ ಅಜ್ಜಿ."

"ನೋವೇ ಆಗುವುದಿಲ್ಲಾದರೆ ಅದೆಂತ ದೊಡ್ಡ ಸಾಹಸ?"

ಮೂವರೂ ನಕ್ಕೆವು. ಅಕ್ಕ ನಕ್ಕರೆ ತುಟಿ ಬಿರಿಯುತ್ತದೆಂದು ಕೈ ಅಡ್ಡ ಹಿಡಿದುಕೊಂಡಳು.

"ನಮ್ಮಲ್ಲಿ ಹೊಲಿಯುವವರು ಇಲ್ಲವಾ?" ಎಂದು ಕೇಳಿದಳು ಆಮೇಲೆ.

"ಇದ್ದಾರೆ. ಅಷ್ಟು ಸ್ಟ್ರಾಂಗ್ ಇಲ್ಲ, ಆದರೆ ಇದ್ದಾರೆ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ ಕೊಡೋದು. ಮನೆಗೆ ಬಂದು ಮಲಗಿದಾಗ ನಿನ್ನ ಒಳ್ಳೆ ಸೆಲ್ಸ್ ರಿಪೇರಿ ಮಾಡ್ಕೊಳ್ತವೆ. ಗಂಟಿನ ಸೆಲ್ಸಿಗೆ ರಿಪೇರಿ ಸರಿಯಾಗಿ ಬರಲ್ಲ. ಅದು ಹರಿದೇ ಉಳಿಯುತ್ತೆ. ಮರುದಿನ ಇನ್ನೊಂದು ಏಟು."

"ಅದು ಕಾನ್ವೆಂಟಿಗೆ ಹೋಗಲಿಲ್ಲ."

"ಎಗ್ಸಾಕ್ಟ್ಲಿ."

ಆ ತಮಾಷೆಯಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಅಂದುಕೊಂಡೆ. ಆದರೆ ಅಕ್ಕ ಇನ್ನೊಂದು ಪ್ರಶ್ನೆ ಇಟ್ಟಳು, ಮೊಮ್ಮಗಳ ಮುಖವನ್ನು ನೇರ ನೋಡುತ್ತ. "ಮುಗಿದ ಮೇಲೆ ಬಾಯಿಯ ನೀರು ವಾಪಸು ಬರ್ತದಾ?"

ನಾನಾಗಿದ್ದರೆ ಬರುತ್ತದೆ ಎಂದುಬಿಡುತ್ತಿದ್ದೆ. ಹುಡುಗಿ ಗಲ್ಲಕ್ಕೆ ಕೈಕೊಟ್ಟು ಕೂತಳು. "ಪತಾ ನಹೀಂ, ಅಜ್ಜಿ. ಸ್ವಲ್ಪ ಬರಬಹುದು. ಮೊದಲಿನ ಹಾಗೆ... ಪ್ರಾಬಬ್ಲಿ ಇಲ್ಲ. ಸುಳ್ಳು ಹೇಳಲ್ಲ."

"ಡಾಕ್ಟರ್ ಹೇಳ್ತಾರೆ, ಬರ್ತದೆ ಬರ್ತದೆ ಅಂತ."

"ಅವರು ಹೋಪ್ ಕೊಡ್ತಾರೆ. ನಾನು ನಿನ್ನ ಹತ್ತಿರ ಒಂದು ಸಲ ಸಿಂಪಲ್ ಮಾಡಿ ಹೇಳಿ ಏನಾಯ್ತು, ನೋಡಿದೆನಲ್ಲ."

ಅಕ್ಕ ಎದ್ದು ಒಳಗೆ ಹೋದಳು. ಮೊಮ್ಮಗಳು ಸಂಜೆಯ ಗಾಡಿಗೆ ಡೊಂಬಿವಲಿಗೆ ಹೊರಟಾಗ ಅಕ್ಕನ ಬ್ಯಾಗು ಬಾಗಿಲ ಬಳಿಯೇ ಇತ್ತು. ಅಜ್ಜಿ ಮಲಗಿದ್ದಾಳೆ, ಎಬ್ಬಿಸಬೇಡ, ಕರೆದುಕೊಂಡು ಹೋಗುವುದನ್ನು ನಾಳೆ ನೋಡೋಣ ಎಂದೆ. ಹುಡುಗಿ ನನ್ನ ಭುಜ ಮುಟ್ಟಿ ಹೊರಟುಹೋದಳು.

ಸೋಮವಾರ ಬೆಳಿಗ್ಗೆ ನಾನು ಎದ್ದು ಚಹಾಕ್ಕೆ ನೀರಿಟ್ಟು ನೋಡಿದಾಗ ಅಕ್ಕ ಇಸ್ತ್ರಿ ಮಾಡಿದ ಹತ್ತಿಯ ಸೀರೆ ಉಟ್ಟು, ಜಡೆ ಹಾಕಿ, ಚಪ್ಪಲಿ ಮೆಟ್ಟಿ ಕುರ್ಚಿಯಲ್ಲಿ ಕೂತಿದ್ದಳು. ಡೊಂಬಿವಲಿಗೋ ಆಸ್ಪತ್ರೆಗೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

"ಎಂತ ನೋಡ್ತಿ? ನಿನ್ನ ಚಹಾ ಬೇಗ ಮುಗಿಸು" ಎಂದಳು. "ಲೇಟಾದರೆ ಆ ವಿಜಯಪುರದವಳು ನನ್ನ ಜಾಗ ಹಿಡೀತಾಳೆ. ಫ್ಯಾನಿನ ಕೆಳಗಿನದ್ದು."

ಸ್ಟೇಷನ್ನಿಗೆ ನಡೆಯುವಾಗ ಯಾಕೆ ಮನಸ್ಸು ಬದಲಾಯಿತು ಎಂದು ನಾನು ಕೇಳಲಿಲ್ಲ. ಬ್ರಿಜ್ಜಿನ ಮೆಟ್ಟಿಲ ಮೇಲೆ ಉಸಿರಿಗಾಗಿ ನಿಂತಾಗ ಅವಳೇ ಹೇಳಿದಳು. "ಬರುವುದಿಲ್ಲ ಅಂತ ಹೇಳಿದಳಲ್ಲ, ಒಳ್ಳೆಯದಾಯ್ತು. ಬರ್ತದಾ ಬರ್ತದಾ ಅಂತ ದಿನಾ ನಾಲಿಗೆ ಮುಟ್ಟಿ ನೋಡಿಯೇ ನನಗೆ ಸುಸ್ತಾಗಿತ್ತು." ಆಮೇಲೆ ಕಂಬಿ ಹಿಡಿದು ಉಳಿದ ಮೆಟ್ಟಿಲು ಹತ್ತಿದಳು.

ಕೊನೆಯವರೆಗೂ ಹೋದಳು. ಸುಲಭವಾಗಿರಲಿಲ್ಲ. ಕೊನೆಯ ದಿನಗಳಲ್ಲಿ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಯಿತು, ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು. ಬಾಯಿ ಆಡಿಸಲಾಗದ ದಿನ ಕೂಡ ವಿಜಯಪುರದ ಹೆಂಗಸಿನ ಮಾತಿಗೆ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದಳು. ಮಳೆಗಾಲ ಮುಗಿಯುವಾಗ ಡಾಕ್ಟರು ಸ್ಕ್ಯಾನ್ ನೋಡಿ, ಗಂಟು ಕಾಣುತ್ತಿಲ್ಲ, ತಪ್ಪದೆ ಚೆಕಪ್ಪಿಗೆ ಬನ್ನಿ ಎಂದರು. ರುಚಿ ಸ್ವಲ್ಪ ಮರಳಿದೆ. ಹುಳಿ ಮೊದಲು ಬಂತು, ಸಿಹಿ ಇನ್ನೂ ಬರುತ್ತಿದೆ. ಬಾಯಿ ಮಾತ್ರ ಒಣಗಿಯೇ ಇದೆ, ಹುಡುಗಿ ಹೇಳಿದಂತೆಯೇ.

ಅಕ್ಕ ಡೊಂಬಿವಲಿಗೆ ಮರಳಿದ್ದಾಳೆ. ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ. ಮೆತ್ತಗೆ ಬೇಯಿಸಿದ ಅನ್ನ, ತೆಳ್ಳಗಿನ ಸಾರು, ಪಕ್ಕದಲ್ಲಿ ನೀರಿನ ಲೋಟ. ಒಂದು ತುತ್ತು, ಒಂದು ಗುಟುಕು, ಮತ್ತೆ ಒಂದು ತುತ್ತು. ಮೊದಮೊದಲು ನನ್ನ ತಟ್ಟೆ ಬರಿದಾಗಿ ಒಣಗುವವರೆಗೂ ಅವಳದು ಅರ್ಧವೂ ಆಗುತ್ತಿರಲಿಲ್ಲ. ಈಗ ನಾನೂ ಅವಳ ವೇಗಕ್ಕೆ ಇಳಿದಿದ್ದೇನೆ. ಮಧ್ಯಾಹ್ನದ ಲೋಕಲ್ಲುಗಳು ಒಂದರ ಹಿಂದೆ ಒಂದು ಹೋಗುವ ಸದ್ದು ಕೇಳುತ್ತಿರುತ್ತದೆ. ಅವಳು ಲೋಟ ಎತ್ತಿದಾಗ ನಾನೂ ಎತ್ತುತ್ತೇನೆ.